ಬೀಗರ ಕಂಬಳಿ

ನಮ್ಮ ಮನೆಗೆ ಬಂದವರಿಗೆ ನಾನು ಕಾಲಿಗೆ ನೀರು ಕೊಡುವುದಿಲ್ಲ. ಹಾಸಿ ಕೂರಿಸುವುದೂ ಇಲ್ಲ. ಬಂದವರು ನೆಟ್ಟಗೆ ಅಡಿಗೆಮನೆಗೇ ಬರಬೇಕು. ಹಸಿದಿದ್ದರೆ ತಾವೇ ತಟ್ಟೆ ತೊಳಕೊಂಡು ಬಡಿಸಿಕೊಳ್ಳಬೇಕು, ಹಸಿದಿಲ್ಲದಿದ್ದರೆ ನನ್ನೆದುರು ಕೂತು ಮೆಂತ್ಯೆ ಸೊಪ್ಪು ಬಿಡಿಸಬೇಕು. ಚನ್ನಗಿರಿಗೆ ಬಂದು ಸ್ಕೂಲಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಓಣಿಯ ಹೆಂಗಸರು ಇದಕ್ಕೆ ಬಹಳ ನಕ್ಕರು, ಆಮೇಲೆ ಸಿಟ್ಟಾದರು, ಈಗ ಸುಮ್ಮನಾಗಿದ್ದಾರೆ. "ಟೀಚರಮ್ಮಗೆ ಓದು ಬಂದೈತೆ, ರೀತಿ ರಿವಾಜು ಬಂದಿಲ್ಲ" ಅಂತ ಬೆನ್ನ ಹಿಂದೆ ಆಡುತ್ತಾರೆಂದು ನನಗೆ ಗೊತ್ತು. ಆಡಲಿ. ರೀತಿ ರಿವಾಜು ಅನ್ನುವುದನ್ನು ನಾನು ಬೆಳೆದ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡಿದ್ದೇನೆ. ಒಂದು ಏಟು ಹೊಡೆಯದೆ, ಒಂದು ಬೈಗುಳ ಬೈಯದೆ ತಾಯಿಯನ್ನು ಮಗಳಿಂದ ಬೇರೆ ಮಾಡುವುದು ಹೇಗೆಂದು ಯಾರಿಗಾದರೂ ಕಲಿಯಬೇಕಿದ್ದರೆ ಆ ಮನೆಯ ಉಪಚಾರ ನೋಡಬೇಕಿತ್ತು.

ಆ ಮನೆ ಹೊನ್ನಾಳಿಯಲ್ಲಿತ್ತು. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಒಳಗೆ ನಡುಮನೆ, ಅದರ ಮಗ್ಗುಲಿಗೆ ಅಡಿಗೆಮನೆ, ಹಿತ್ತಲಿನಲ್ಲಿ ಮಂಡಕ್ಕಿ ಭಟ್ಟಿ. ಬೆಳಗಾದರೆ ಭತ್ತದ ಹೊಟ್ಟಿನ ಹೊಗೆ, ಕಾದ ಮರಳಿನ ವಾಸನೆ. ಉಪ್ಪುನೀರು ಕುಡಿದು ಒಣಗಿದ ಅಕ್ಕಿಯನ್ನು ಆ ಮರಳಿಗೆ ಹಾಕಿ ಕೈಯಾಡಿಸಿದರೆ ಚಟಪಟ ಅಂತ ಅರಳಿ ಬಾಣಲೆ ತುಂಬಿ ಬರುತ್ತಿತ್ತು. ನನ್ನ ತಲೆಯ ಮೇಲೆ, ಹಾಸಿಗೆಯ ಮೇಲೆ, ಹಾಲಿನ ಕೆನೆಯ ಮೇಲೆ ಸದಾ ಒಂದು ಪದರ ಬೂದಿ. ಭಟ್ಟಿಯನ್ನು ನಡೆಸುತ್ತಿದ್ದವರು ನಮ್ಮಪ್ಪ ಮತ್ತು ದೊಡ್ಡಪ್ಪ. ಅಪ್ಪನ ಬಗ್ಗೆ ನನಗೆ ಉಳಿದಿರುವುದು ಬಿಸಿ ಮಂಡಕ್ಕಿಯನ್ನು ಅಂಗೈಯಿಂದ ಅಂಗೈಗೆ ಆಡಿಸಿ, ಊದಿ, ನನ್ನ ಬಾಯಿಗೆ ಹಾಕುತ್ತಿದ್ದದ್ದು ಒಂದೇ. ಭತ್ತ ತರಲು ಹೋದ ಲಾರಿ ಮಗುಚಿ ಅವನು ಸತ್ತಾಗ ನನ್ನನ್ನು ಇನ್ನೂ ಸ್ಕೂಲಿಗೆ ಹಾಕಿರಲಿಲ್ಲ. ಅವ್ವನಿಗೆ ಆಗ ವಯಸ್ಸು ಎಷ್ಟು ಅಂತ ಈಗ ಲೆಕ್ಕ ಹಾಕುತ್ತೇನೆ. ನಮ್ಮ ಸ್ಕೂಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗಿಂತ ಚಿಕ್ಕವಳು.

ಅವ್ವನ ತವರಿನವರು ಜಗಳೂರು ಕಡೆಯವರು. ವರ್ಷ ಕಳೆದ ಮೇಲೆ ಬಂದು ಆಕೆಯನ್ನು ಕರಕೊಂಡು ಹೋಗಿ ಅಲ್ಲಿಯೇ ಶೇಂಗಾ ಬೆಳೆಯುವ ಒಬ್ಬ ರೈತನಿಗೆ ಉಡಿಕೆ ಮಾಡಿದರು. ಗಂಡ ಸತ್ತವಳಿಗೆ ವಾಲಗ, ಚಪ್ಪರ ಇಲ್ಲದೆ ಒಂದು ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವುದಕ್ಕೆ ನಮ್ಮಲ್ಲಿ ಉಡಿಕೆ ಅನ್ನುತ್ತಾರೆ. ಅದು ತಪ್ಪಲ್ಲ, ಹಿಂದಿನಿಂದ ನಡೆದು ಬಂದದ್ದೇ. ಆದರೆ ಅದಕ್ಕೆ ಬಾಲದಂತೆ ಕೆಲವು ಕಟ್ಟಳೆಗಳಿದ್ದವು. ಉಡಿಕೆಯಾದವಳನ್ನು ಆರತಿಗೆ ಕರೆಯುವುದಿಲ್ಲ. ಅವಳಿಗೆ ಉಡಿ ತುಂಬುವುದಿಲ್ಲ. ಮೊದಲ ಗಂಡನ ಕೂಸು ಮೊದಲ ಗಂಡನ ಮನೆಯದು. ಅವ್ವ ಕೊನೆಯದನ್ನು ಒಪ್ಪಲಿಲ್ಲ. ನನ್ನನ್ನು ಕರಕೊಂಡೇ ಹೋಗುತ್ತೇನೆ ಅಂತ ಹಟ ಹಿಡಿದಳು. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡವ್ವ ನನ್ನನ್ನು ಬಿಡಲಿಲ್ಲ. ಬೇರೆಯವರಾಗಿದ್ದರೆ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿ ಕಿತ್ತಾಡುತ್ತಿದ್ದರು. ನಮ್ಮ ದೊಡ್ಡಪ್ಪ ಹಂಗಲ್ಲ. ಹಣೆ ತುಂಬ ವಿಭೂತಿ, ಬಿಳೀ ಪಂಚೆ, ಮಾತು ತಗ್ಗಿಸಿ ಆಡುವವನು. ಶಿವಮೊಗ್ಗದ ಕೋರ್ಟಿಗೆ ಹೋಗಿ ಅರ್ಜಿ ಹಾಕಿದ.

ಅಪ್ಪ ಸತ್ತ ಮೇಲೆ ಕೂಸಿಗೆ ತಾಯಿಯೇ ದಿಕ್ಕು ಅಂತ ಕಾನೂನು ಹೇಳುತ್ತದಂತೆ. ಅದನ್ನೇ ಅವ್ವನ ಕಡೆಯ ವಕೀಲರು ಹೇಳಿದರಂತೆ. ದೊಡ್ಡಪ್ಪನ ವಕೀಲರು ಎದ್ದು, ಆಕೆ ಇನ್ನೊಂದು ಮನೆ ಸೇರಿದ್ದಾಳೆ, ಆ ಮನೆಯಲ್ಲಿ ಈ ಕೂಸಿಗೆ ರಕ್ತಸಂಬಂಧದ ಗಂಡಸು ಯಾರಿದ್ದಾರೆ, ಹುಟ್ಟಿ ಬೆಳೆದ ಮನೆ ಬಿಡಿಸಿದರೆ ಕೂಸಿನ ಹಿತ ಏನಾಗಬೇಕು ಅಂತ ಕೇಳಿದರಂತೆ. ಹಿತ ಅನ್ನುವ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಇವತ್ತಿಗೂ ಹಲ್ಲು ಮಸೆಯುವಂತಾಗುತ್ತದೆ. ನನ್ನ ಹಿತ ಏನು ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೊರಗೆ ಹುಣಸೆಮರದ ಕೆಳಗೆ ದೊಡ್ಡವ್ವನ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದೆ. ಎದ್ದಾಗ ದೊಡ್ಡಪ್ಪ ನನ್ನ ಗಾರ್ಡಿಯನ್ ಆಗಿದ್ದ. ಅವ್ವನಿಗೆ ತಿಂಗಳ ಮೊದಲನೇ ಭಾನುವಾರ, ಗಾರ್ಡಿಯನ್ನನ ಮನೆಯಲ್ಲಿ, ನನ್ನನ್ನು ನೋಡುವ ಹಕ್ಕು ಸಿಕ್ಕಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನಮ್ಮ ದೊಡ್ಡಪ್ಪ ಅಂಥ ಪೂಜಾರಿಯೂ ಅಲ್ಲ. ಕೊಡುವುದಿಲ್ಲ ಅಂತ ಒಂದು ದಿನವೂ ಅನ್ನಲಿಲ್ಲ. ಕೋರ್ಟು ಹೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಟ್ಟ.

ಮೊದಲನೇ ಭಾನುವಾರದ ಮುಂಜಾನೆ ಗೋಡೆಯ ಮೇಲುಗಡೆಯ ನಾಗೊಂದಿ ಹಲಗೆಯಿಂದ ಒಂದು ಕರಿ ಕಂಬಳಿ ಇಳಿಯುತ್ತಿತ್ತು. ಕೆಂಪು ಅಂಚಿನದು, ಬೀಗರು ಬಂದಾಗ ಮಾತ್ರ ಹಾಸುವುದು. ನಾವು ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ದೊಡ್ಡವ್ವ ಅದನ್ನು ಕೊಡವಿ ಪಡಸಾಲೆಯಲ್ಲಿ ಹಾಸುತ್ತಿದ್ದಳು. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ನೀರು ತುಂಬಿ ಕಟ್ಟೆಯ ಮೇಲೆ ಇಡುತ್ತಿದ್ದಳು. ಕಡಲೆಬೇಳೆ ಬೇಯಲು ಹಾಕುತ್ತಿದ್ದಳು, ಯಾಕೆಂದರೆ ಬೀಗರಿಗೆ ಹೋಳಿಗೆ ಮಾಡಬೇಕು. ಇಷ್ಟೂ ಆದ ಮೇಲೆ ಅವ್ವ ಬರುತ್ತಿದ್ದಳು. ಜಗಳೂರಿನಲ್ಲಿ ಕೋಳಿ ಕೂಗುವಾಗ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಧೂಳು ಮೆತ್ತಿದ ಮುಖದಲ್ಲಿ ಓಣಿಯ ತುದಿಗೆ ಕಾಣುತ್ತಿದ್ದಳು. ಜೊತೆಗೆ ಬರುತ್ತಿದ್ದ ಆಕೆಯ ಗಂಡ ನಮ್ಮ ಓಣಿಗೆ ಕಾಲಿಡುತ್ತಿರಲಿಲ್ಲ, ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲೇ ಸಂಜೆಯವರೆಗೆ ಕೂತಿರುತ್ತಿದ್ದರು. ಹಿತ್ತಲಿನ ಭಟ್ಟಿಯ ಕೆಲಸ ಬಿಟ್ಟು ದೊಡ್ಡಪ್ಪ ಪಂಚೆ ಸರಿಮಾಡಿಕೊಂಡು ಕಟ್ಟೆಗೆ ಬರುತ್ತಿದ್ದ.

"ಬರ್ರಿ, ಬರ್ರಿ. ಕಾಲಿಗೆ ನೀರು ತಗಳ್ರಿ. ಬಿಸಿಲಾಗೆ ಬಂದೀರಿ. ಮನಿ ಕಡೆ ಎಲ್ಲ ಅರಾಮೇನ್ರಿ?"

ಇದೇ ಮನೆಯ ಬಚ್ಚಲಲ್ಲಿ ಅವ್ವ ವರ್ಷಗಟ್ಟಲೆ ದೊಡ್ಡಪ್ಪನ ಪಂಚೆ ಒಗೆದಿದ್ದಳು. ಇದೇ ದೊಡ್ಡಪ್ಪ ಆಕೆಯನ್ನು "ಏ ನೀಲಾ, ಇಲ್ಲಿ ಬಾ" ಅಂತ ಕೂಗುತ್ತಿದ್ದ. ಈಗ ರೀ ಹಚ್ಚಿ ಮಾತಾಡಿಸುತ್ತಿದ್ದ. ಅವ್ವ ಮೊದಲ ಸಲ ಕಾಲಿಗೆ ನೀರು ಹಾಕಿಕೊಳ್ಳದೆ ಸೀದಾ ಅಡಿಗೆಮನೆಗೆ ನುಗ್ಗಿದಳಂತೆ. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು, ನಗುನಗುತ್ತಲೇ ಭುಜ ಹಿಡಿದು ತಿರುಗಿಸಿ ತಂದು ಕಂಬಳಿಯ ಮೇಲೆ ಕೂರಿಸಿದಳಂತೆ.

"ಎಲ್ಲಾರ ಉಂಟೇನ್ರಿ? ಬೀಗರು ಒಲಿ ಮುಂದೆ ಕುಂತ್ರೆ ಓಣ್ಯಾಗೆ ನಮ್ಮ ಮುಖಕ್ಕೆ ಉಗೀತಾರೆ. ನೀವು ಕುಂತ್ಕಳ್ರಿ."

ಹೀಗೆ ಅವ್ವ ಬೀಗಿತ್ತಿಯಾದಳು. ಬೀಗರು ಎಂದರೆ ಅವರಿಗೆ ಮರ್ಯಾದೆ ಇದೆ, ಕೆಲಸವಿಲ್ಲ. ಅವರು ನೀರು ಸೇದಬಾರದು, ಪಾತ್ರೆ ಮುಟ್ಟಬಾರದು, ಕೂಸಿನ ಮೂಗು ಒರೆಸಬಾರದು. ನನ್ನ ಮೂಗು ಸೋರಿದರೆ ಅವ್ವನ ಕೈ ಸೆರಗಿಗೆ ಹೋಗುವ ಮೊದಲೇ ದೊಡ್ಡವ್ವ ಓಡಿ ಬಂದು, "ಬಿಡ್ರಿ, ಬಿಡ್ರಿ, ನಿಮ್ಮ ಸೀರೆ ಹೊಲಸಾಗುತ್ತೆ" ಅನ್ನುತ್ತಿದ್ದಳು. ನಾನು ಹೋಗಿ ಅವ್ವನ ಮಗ್ಗುಲಲ್ಲಿ ಕಂಬಳಿಯ ಮೇಲೆ ಕೂತರೆ, "ಮಂಗಳಾ, ಬೀಗರ ಕಂಬಳಿ ಮ್ಯಾಲೆ ಕುಂದ್ರಬಾರ್ದು, ಏಳು" ಅನ್ನುತ್ತಿದ್ದಳು. ನಾನು ಎದ್ದು ಕಂಬಳಿಯ ಅಂಚಿನಾಚೆ, ತಣ್ಣಗಿನ ನೆಲದ ಮೇಲೆ ಕೂರುತ್ತಿದ್ದೆ. ನಡುವೆ ಆ ಕೆಂಪು ಅಂಚು. ಅವ್ವ ತಂದಿದ್ದ ಹುರಿದ ಶೇಂಗಾ ಸುಲಿದು ಒಂದೊಂದೇ ಕಾಳು ಅಂಚಿನಾಚೆ ಚಾಚುತ್ತಿದ್ದಳು, ನಾನು ಈಸಿಕೊಂಡು ತಿನ್ನುತ್ತಿದ್ದೆ. ನಮ್ಮ ತಾಯಿತನ, ಮಗಳುತನ ಎಲ್ಲ ಅಷ್ಟರಲ್ಲೇ ನಡೆಯಬೇಕು.

ನನ್ನ ತಲೆಯ ವಿಷಯ ಒಂದನ್ನು ಹೇಳಲೇಬೇಕು. ಭಾನುವಾರ ಅವ್ವ ಬರುವ ಮೊದಲೇ ದೊಡ್ಡವ್ವ ನನ್ನ ತಲೆಗೆ ಎಣ್ಣೆ ಇಟ್ಟು, ಚರ್ಮ ಸುಲಿಯುವ ಹಾಗೆ ಬಿಗಿದು ಎರಡು ಜಡೆ ಹಾಕಿ ಮೇಲೆತ್ತಿ ಕಟ್ಟಿಬಿಡುತ್ತಿದ್ದಳು. ಅವ್ವನ ಕೈ ನನ್ನ ಕೂದಲಿಗಾಗಿ ತುಡಿಯುತ್ತಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ, ಆದರೂ ಹೇಗೋ ಗೊತ್ತಾಗಿತ್ತು. ಒಂದು ಭಾನುವಾರ ಭಟ್ಟಿಯ ಹಿಂದೆ ಹೋಗಿ ರಿಬ್ಬನ್ನು ಕಿತ್ತು, ಜಡೆ ಬಿಚ್ಚಿ, ತಲೆ ಕೆದರಿಕೊಂಡು ಬಂದು ಅವ್ವನ ಮುಂದೆ ನಿಂತೆ. ಅವ್ವನ ಮುಖ ಬೆಳಗಿತು. ಬಾಚಣಿಗೆ ಕೇಳಲಿಲ್ಲ, ಬೆರಳಿನಿಂದಲೇ ಸಿಕ್ಕು ಬಿಡಿಸಲು ಕೈ ಎತ್ತಿದಳು. ದೊಡ್ಡವ್ವ ಒಳಗಿನಿಂದ ಬಂದವಳೇ, "ಅಯ್ಯೋ ಶಿವನೇ, ಬೀಗರ ಮುಂದೆ ಹಿಂಗೆ ದೆವ್ವದಂಗೆ ಬರ್ತಾರೇನೇ" ಅಂತ ನನ್ನನ್ನು ಎಳಕೊಂಡು ಹೋಗಿ, ನಡುಮನೆಯಲ್ಲಿ ಕೂರಿಸಿ, ಮೊದಲಿಗಿಂತ ಬಿಗಿಯಾಗಿ ಹೆಣೆದು ಕಳಿಸಿದಳು. ಅವಳೇನೂ ಕೆಟ್ಟವಳಲ್ಲ. ರಾತ್ರಿ ನನ್ನನ್ನು ಅಪ್ಪಿಕೊಂಡು ಮಲಗುತ್ತಿದ್ದವಳು ಅವಳೇ, ನಾನು ಉಣ್ಣದಿದ್ದರೆ ತಾನೂ ಉಣ್ಣದವಳು. ಅವಳಿಗೆ ಒಂದೇ ಭಯ, ಆ ಹತ್ತು ಬೆರಳು ಒಮ್ಮೆ ಈ ತಲೆಗೆ ಹತ್ತಿದರೆ ತಾನು ಬರಿಗೈಯಾಗುತ್ತೇನೆಂದು. ಆ ಭಯ ಈಗ ನನಗೆ ಅರ್ಥವಾಗುತ್ತದೆ. ಅರ್ಥವಾಯಿತೆಂದು ಕ್ಷಮಿಸಬೇಕೆಂದೇನೂ ಇಲ್ಲ.

ಊಟಕ್ಕೆ ಹೋಳಿಗೆ, ಮೇಲೆ ತುಪ್ಪ. ಬೀಗರಿಗೆ ಒತ್ತಾಯ ಮಾಡಿ ಬಡಿಸಬೇಕಲ್ಲ, ದೊಡ್ಡಪ್ಪ ಪಕ್ಕದಲ್ಲೇ ನಿಂತು "ಇನ್ನೊಂದು ಹಾಕ್ರಿ, ನಾಚಬ್ಯಾಡ್ರಿ" ಅನ್ನುತ್ತಿದ್ದ. ಅವ್ವ ತಲೆ ತಗ್ಗಿಸಿ ನುಂಗುತ್ತಿದ್ದಳು. ಓಣಿಯವರು ಬಾಗಿಲಲ್ಲಿ ಇಣುಕಿ ನೋಡಿ ಹೋಗಿ, "ಬಿಟ್ಟು ಹೋದೋಳಿಗೆ ತಿಂಗಳಾ ಹೋಳಿಗೆ ಹಾಕ್ತಾನಲ್ಲ, ಎಂಥಾ ಮನುಷ್ಯ ಅವ್ನು" ಅನ್ನುತ್ತಿದ್ದರು. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ ಅನ್ನುವ ಗಾದೆ ಗೊತ್ತಿದ್ದ ಊರೇ ಅದು. ಆದರೆ ಬೆಲ್ಲ ಕಣ್ಣೆದುರಿಗೆ ಹಂಚುತ್ತಿದ್ದಾಗ ಕತ್ತರಿ ಯಾರಿಗೆ ಕಾಣಬೇಕು. ಊಟವಾಗಿ ಎಲೆಅಡಿಕೆ ಆಗಿ, ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ದೊಡ್ಡಪ್ಪ ಒಂದು ಮಾತು ಕೇಳುತ್ತಿದ್ದ. ಬಹಳ ಮೆತ್ತಗೆ, ಬೀಗರಿಗೆ ತೊಂದರೆ ಆಗಬಾರದು ಅನ್ನುವ ಕಾಳಜಿಯಿಂದ ಕೇಳಿದ ಹಾಗೆ.

"ನಿಮ್ಮ ಬಸ್ಸು ಎಷ್ಟೊತ್ತಿಗೈತ್ರಿ?"

"ನಾಕೂವರೆಗೈತ್ರಿ" ಅನ್ನುತ್ತಿದ್ದಳು ಅವ್ವ.

ಅಲ್ಲಿಗೆ ಆ ತಿಂಗಳ ಹಕ್ಕು ಮುಗಿಯಿತು. ಹೊರಡುವ ಹೆಣ್ಣುಮಕ್ಕಳನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆಅಡಿಕೆ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅವ್ವ ಉಡಿಕೆಯಾದವಳು, ಆಕೆಗೆ ಉಡಿಯಿಲ್ಲ. ದೊಡ್ಡವ್ವ ಒಂದು ಬಟ್ಟೆ ಚೀಲದ ತುಂಬ ಮಂಡಕ್ಕಿ ತುಂಬಿ, ಬಾಗಿಲಲ್ಲೇ ಕೈಗೆ ಕೊಡುತ್ತಿದ್ದಳು. ಹಗುರವಾದ ಚೀಲ ಹಿಡಿದು ಅವ್ವ ಓಣಿ ದಾಟುತ್ತಿದ್ದಳು. ಹೋದ ಮೇಲೆ ಕಂಬಳಿ ಮಡಚಿ ನಾಗೊಂದಿಗೆ ಏರುತ್ತಿತ್ತು, ನಾನು ಆ ನೆಲದ ಮೇಲೆ ಬೋರಲು ಮಲಗುತ್ತಿದ್ದೆ.

ನನಗೆ ಮೈಮೇಲೆ ಅಮ್ಮ ಎದ್ದದ್ದು ಒಂದು ಬೇಸಿಗೆಯಲ್ಲಿ. ಈಗ ಚಿಕನ್‌ಪಾಕ್ಸ್ ಅನ್ನುತ್ತಾರೆ. ಆಗ ದೇವಿ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಒಗ್ಗರಣೆ ಹಾಕುವಂತಿಲ್ಲ, ಹುರಿಯುವಂತಿಲ್ಲ, ಕರಿಯುವಂತಿಲ್ಲ. ದೊಡ್ಡಪ್ಪ ಭಟ್ಟಿಯ ಬಾಯಿಗೆ ತಗಡು ಮುಚ್ಚಿ ಆಳುಗಳನ್ನು ಮನೆಗೆ ಕಳಿಸಿದ. ನನಗೋಸ್ಕರ ಭಟ್ಟಿ ನಿಲ್ಲಿಸಿದ ಮನುಷ್ಯ ಅವನು, ಅದನ್ನೂ ಹೇಳಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಅಮ್ಮ ಇಳಿದು ನೀರು ಹಾಕುವವರೆಗೆ ಹೊರಗಿನವರು ಆ ಮನೆಯ ಹೊಸಿಲು ದಾಟಬಾರದು. ದಾಟಿದರೆ ಕೂಸಿಗೆ ಕೇಡು.

ಆ ಮೊದಲನೇ ಭಾನುವಾರ ಅವ್ವ ಬಂದಳು. ನಾನು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಕೋಣೆಯ ಕಿಟಕಿ ಕಟ್ಟೆಯ ಕಡೆಗೆ ತೆರೆಯುತ್ತಿತ್ತು. ಒಂದೊಂದು ಮಾತೂ ನನಗೆ ಕೇಳಿಸಿತು.

"ಇವತ್ತು ಒಳಗೆ ಬರಂಗಿಲ್ರಿ" ಅಂದ ದೊಡ್ಡಪ್ಪ. "ಕೂಸಿಗೆ ಅಮ್ಮ ಆಗೈತೆ. ಹೊರಗಿನೋರು ಬರಬಾರ್ದು, ನಿಮಗೂ ಗೊತ್ತೈತಲ್ಲ."

"ಕೂಸಿಗೆ ಅಮ್ಮ ಆದ್ರೆ ಹೆತ್ತೋಳು ಹೊರಗಿರಬೇಕಾ, ಭಾವಾ? ನಾನು ಹೊರಗಿನೋಳಾ?"

"ಬೀಗರಲ್ವೇನ್ರಿ ನೀವು."

"ನಾನು ಬೀಗರಾಗಿ ಬಂದಿಲ್ಲ. ನಾನು ಅದರ ತಾಯಿ."

"ತಾಯಿ ಅಲ್ಲ ಅಂತ ಯಾರಂದ್ರು? ತಾಯಿ ಅಂತ ಕೋರ್ಟೇ ಹೇಳೈತೆ. ಅದಕ್ಕೇ ತಾನೇ ತಿಂಗಳಾ ಕಂಬಳಿ ಹಾಸಿ ಕುಂದ್ರಿಸೋದು. ಕೂಸಿಗೆ ಕೇಡಾದ್ರೆ ಪರವಾಯಿಲ್ಲ ಅಂದ್ರೆ ಬರ್ರಿ, ನಾನು ಅಡ್ಡ ನಿಲ್ಲಲ್ಲ."

ಅವನು ನಿಜವಾಗಿಯೂ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತನೆಂದು ಆಮೇಲೆ ಅವ್ವನೇ ಹೇಳಿದಳು. ಬಾಗಿಲು ಹಾರುಹೊಡೆದು ತೆರೆದಿತ್ತು, ಮೇಲೆ ಬೇವಿನ ಸೊಪ್ಪು ನೇತಾಡುತ್ತಿತ್ತು. ಯಾವ ತಾಯಿ ಆ ಹೊಸಿಲು ದಾಟುತ್ತಾಳೆ ಹೇಳಿ. ನಾನೇ ಆಗಿದ್ದರೂ ದಾಟುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅವನಿಗೆ ತಾಯಿಯೆಂದರೆ ಏನೆಂದು ಗೊತ್ತಿತ್ತು.

ಅವ್ವ ಕಟ್ಟೆಯ ಮೇಲೆ, ನನ್ನ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಕೂತಳು. ನಾನು ಎದ್ದು ನೋಡುವಂತಿರಲಿಲ್ಲ, ಮೈಯೆಲ್ಲ ಉರಿ. ಆಕೆ ಶೇಂಗಾ ಸುಲಿಯುವ ಚಟ್ ಚಟ್ ಸದ್ದು ಮಾತ್ರ ಕೇಳುತ್ತಿತ್ತು. ಯಾರಿಗೆ ಸುಲಿಯುತ್ತಿದ್ದಳೋ, ನನಗೆ ಅಮ್ಮ ಆದಾಗ ಶೇಂಗಾ ತಿನ್ನುವಂತಿರಲಿಲ್ಲ. ನಾನು "ಅವ್ವಾ" ಅಂದರೆ ಸದ್ದು ನಿಂತು, "ಇಲ್ಲೇ ಅದೀನಿ ಕಣೇ" ಅನ್ನುತ್ತಿತ್ತು ಗೋಡೆ. ಮತ್ತೆ ಚಟ್ ಚಟ್. ದೊಡ್ಡವ್ವ ನನಗೆ ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು, ಆದರೆ ಕಿಟಕಿಯತ್ತ ತಿರುಗಿಯೂ ನೋಡಲಿಲ್ಲ. ಆವತ್ತು ಹೋಳಿಗೆಯಿಲ್ಲ, ಮನೆಯಲ್ಲಿ ಬಾಣಲೆ ಇಡುವಂತಿಲ್ಲವಲ್ಲ. ಎದುರು ಮನೆಯವರು ಅವ್ವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಹೊತ್ತು ಇಳಿದಾಗ ದೊಡ್ಡಪ್ಪನ ದನಿ ಬಂತು.

"ನಿಮ್ಮ ಬಸ್ಸು ಎಷ್ಟೊತ್ತಿಗೈತ್ರಿ?"

ಚಟ್ ಚಟ್ ಸದ್ದು ನಿಂತಿತು. ಅವಳು ಎದ್ದು ಹೋದ ಮೇಲೆ ಕಟ್ಟೆಯ ಮೇಲೆ ಸುಲಿದ ಶೇಂಗಾದ ಒಂದು ಗುಡ್ಡೆ ಇತ್ತಂತೆ. ಅಮ್ಮ ಆದ ಮನೆಗೆ ಅದನ್ನು ಒಳಗೆ ತರುವಂತಿಲ್ಲ ಅಂತ ದೊಡ್ಡವ್ವ ಗುಬ್ಬಿಗಳಿಗೆ ಬಿಟ್ಟಳು.

ಅದಾದ ವಾರವೇ ಅವ್ವ ಶಿವಮೊಗ್ಗಕ್ಕೆ ಹೋಗಿ ತನ್ನ ವಕೀಲರ ಮುಂದೆ ಕೂತಳಂತೆ. ಸಂಗತಿಯೆಲ್ಲ ಹೇಳಿದಳಂತೆ. ವಕೀಲರು ಒಳ್ಳೆಯವರು, ವಯಸ್ಸಾದವರು. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಒಂದು ಪ್ರಶ್ನೆ ಹಾಕಿದರಂತೆ.

"ಹೊಡೆದ್ರಾ?"

"ಇಲ್ರಿ."

"ಬೈದ್ರಾ? ಬರಬ್ಯಾಡ ಅಂದ್ರಾ?"

"ಇಲ್ರಿ. ಬರ್ರಿ ಬರ್ರಿ ಅಂತಾರೆ. ಹೋಳಿಗೆ ಹಾಕ್ತಾರೆ."

"ಹಂಗಾದ್ರೆ ನಾನು ಜಡ್ಜ್ ಮುಂದೆ ಹೋಗಿ ಏನಂತ ಹೇಳಲವ್ವ? ನೋಡೋ ಹಕ್ಕು ಬೇಕು ಅಂದಿ, ಕೊಡಿಸಿದ್ದಾಯ್ತು. ಒಲಿ ಮುಂದೆ ಕುಂದ್ರೋ ಹಕ್ಕು, ತಲಿ ಬಾಚೋ ಹಕ್ಕು, ಅದನ್ನ ಯಾವ ಕೋರ್ಟು ಕೊಡುತ್ತೆ?"

ಅವ್ವ ಎದ್ದು ಬಂದಳು. ಆಮೇಲೆ ಅವಳು ಜಗಳವಾಡಲಿಲ್ಲ. ಮುಂದಿನ ಭಾನುವಾರ ಬಂದು ಕಾಲಿಗೆ ನೀರು ಹಾಕಿಕೊಂಡು, ಕಂಬಳಿಯ ಮೇಲೆ ಕಾಲು ಮಡಚಿ, ಸೆರಗು ಹೊದ್ದು ಕೂತಳು, ಹೇಳದೆಯೇ. ಅವತ್ತಿನಿಂದ ನನ್ನ ಅವ್ವ ಆ ಮನೆಗೆ ಬರುವುದನ್ನು ನಿಲ್ಲಿಸಿದಳು ಅಂತಲೇ ನಾನು ತಿಳಿಯುತ್ತೇನೆ. ಬರುತ್ತಿದ್ದವಳು ಜಗಳೂರಿನ ಬೀಗಿತ್ತಿ. ಮಾತು ಕೂಡ ಹಾಗೇ ಆಯಿತು. "ಸ್ಕೂಲು ಹೆಂಗೆ ನಡೆದೈತೆ", "ಅರಾಮದೀಯಾ", "ದೊಡ್ಡವ್ವನ ಮಾತು ಕೇಳು." ನಾನು ಮೈನೆರೆದಾಗ ತಾಯಿಯ ಮನೆಯಿಂದ ಬರಬೇಕಾದ ಎಳ್ಳುಬೆಲ್ಲದ ಚಿಗಳಿ ಉಂಡೆ ಹಿಡಿದುಕೊಂಡು ಬಂದವಳು, ಅದನ್ನು ನನ್ನ ಬಾಯಿಗೆ ಇಡಲು ಮುಂದಾಗದೆ ದೊಡ್ಡವ್ವನ ಕೈಗೆ ಕೊಟ್ಟು ಕಂಬಳಿಯ ಮೇಲೆ ಹೋಗಿ ಕೂತಳು. ಮೈನೆರೆದವಳನ್ನು ಕೂರಿಸುವ ಸೊಪ್ಪಿನ ಗುಡ್ಲಿನೊಳಗಿಂದ ನಾನು ನೋಡುತ್ತಿದ್ದೆ. ಅವಳಿಗೆ ರೂಢಿಯಾಗಿಹೋಗಿದೆ ಅನ್ನಿಸಿ ಸಿಟ್ಟು ಬಂತು. ರೂಢಿ ಮಾಡಿಸಿದವರ ಮೇಲೆ ಬರಬೇಕಾದ ಸಿಟ್ಟು ಬಡಪಾಯಿಯ ಮೇಲೆ ಬಂತು.

ನಾನು ಬದುಕಿದ್ದು ಹದಿನೆಂಟರ ಆಸೆಯಲ್ಲಿ. ಹದಿನೆಂಟು ತುಂಬಿದರೆ ಗಾರ್ಡಿಯನ್ ಇಲ್ಲ, ಭಾನುವಾರ ಇಲ್ಲ, ಕಂಬಳಿ ಇಲ್ಲ, ಟ್ರಂಕು ಹೊತ್ತುಕೊಂಡು ಜಗಳೂರಿಗೆ ಹೋಗಿಬಿಡುವುದು. ತುಂಬಿದ ದಿನ ಟ್ರಂಕು ಜೋಡಿಸಿಯೇ ದೊಡ್ಡಪ್ಪನ ಮುಂದೆ ನಿಂತೆ. ಅವನು ಬೈಯಲಿಲ್ಲ. "ನಡಿ, ವಕೀಲರನ್ನೇ ಕೇಳಿ ಬರಾನು" ಅಂತ ಕರಕೊಂಡು ಹೋದ. ಅವನ ವಕೀಲರು ಬಿಸ್ಕತ್ತು ತರಿಸಿ ಮುಂದಿಟ್ಟು ಹೇಳಿದರು.

"ಬೇರೆ ಮಕ್ಕಳಿಗೆ ಹದಿನೆಂಟಮ್ಮ. ಕೋರ್ಟು ಗಾರ್ಡಿಯನ್ ಇಟ್ಟ ಮಕ್ಕಳಿಗೆ ಇಪ್ಪತ್ತೊಂದು. ಕಾನೂನು ಇರೋದೇ ಹಂಗೆ. ಅಷ್ಟರೊಳಗೆ ಮದುವೆ ಆದ್ರೆ ಬೇರೆ ಮಾತು."

ನಾನು ನಂಬಲಿಲ್ಲ. ಅವ್ವನ ವಕೀಲರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರೂ ತಲೆ ತಗ್ಗಿಸಿ ಹೌದು ಅಂದರು. ಕೇರಿಯ ಹುಡುಗಿಯರೆಲ್ಲ ಹದಿನೆಂಟಕ್ಕೆ ದೊಡ್ಡವರಾದರು. ಅಪ್ಪ ಸತ್ತು, ತಾಯಿಯ ಕೈಯಿಂದ ಕಿತ್ತುಕೊಳ್ಳಲ್ಪಟ್ಟ ನಾನು ಮಾತ್ರ ಇನ್ನೂ ಕೂಸು. ಎಂಥ ಕಾನೂನು ಇದು, ಯಾರು ಕೂತು ಮಾಡಿದರೋ. ಆ ವರ್ಷಗಳಲ್ಲಿ ದೊಡ್ಡಪ್ಪ ಸಾಲು ಸಾಲಾಗಿ ಗಂಡು ತಂದ, ಬಸವಾಪಟ್ಟಣದಿಂದ, ನ್ಯಾಮತಿಯಿಂದ. ಒಲ್ಲೆ ಅಂದೆ. ಒಂದು ಬೀಗರ ಮನೆಯಿಂದ ಇನ್ನೊಂದು ಬೀಗರ ಮನೆಗೆ ಹೋಗಲು ನಾನು ಹುಟ್ಟಿರಲಿಲ್ಲ. ಟೀಚರ್ ಟ್ರೈನಿಂಗ್ ಮಾಡಿದೆ, ದಿನ ದೂಡಿದೆ.

ಇಪ್ಪತ್ತೊಂದು ತುಂಬಿ, ಕೋರ್ಟಿನ ಕೆಲಸ ಮುಗಿದ ಮೇಲೆ ಬಂದ ಮೊದಲನೇ ಭಾನುವಾರವೇ ಹೊರಟೆ. ಜಗಳೂರಿನವರೊಬ್ಬರ ಕೈಯಲ್ಲಿ ಭಾನುವಾರ ಬರುತ್ತೇನೆ ಅಂತ ಅವ್ವನಿಗೆ ಹೇಳಿ ಕಳಿಸಿದ್ದೆ. ಇರಲಿಕ್ಕೇ ಬರುತ್ತೇನೆ ಅಂತ ಹೇಳಿರಲಿಲ್ಲ. ತಾಯಿಗೆ ಅದನ್ನೂ ಬಿಡಿಸಿ ಹೇಳಬೇಕೆ ಅಂದುಕೊಂಡೆ. ದೊಡ್ಡಪ್ಪ ಭಟ್ಟಿಯ ಕಡೆಯಿಂದ ಮುಂದೆ ಬರಲೇ ಇಲ್ಲ. ದೊಡ್ಡವ್ವ ಬಾಚಣಿಗೆ ಹಿಡಿದು ಅಳುತ್ತ ನಿಂತಳು.

"ಇದೊಂದು ಸಲ ಹಾಕ್ತೀನಿ, ಬಾರೇ."

"ಬ್ಯಾಡ" ಅಂದೆ. ಅವತ್ತು ನನ್ನ ತಲೆ ಅವ್ವನಿಗೆ ಬೇಕಿತ್ತು. ಕೂದಲನ್ನು ಸುಮ್ಮನೆ ಗಂಟು ಹಾಕಿಕೊಂಡು, ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ. ದಾವಣಗೆರೆ ದಾಟಿದ ಮೇಲೆ ಗಂಟನ್ನೂ ಬಿಚ್ಚಿದೆ. ಬಿಸಿಗಾಳಿಗೆ ಕೂದಲೆಲ್ಲ ಸಿಕ್ಕಾಗಲಿ ಅಂತ ಬೇಕಂತಲೇ ಕಿಟಕಿಯ ಪಕ್ಕ ಕೂತೆ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಕಟ್ಟೆಯ ಮೇಲೆ ತಿಕ್ಕಿ ಬೆಳಗಿದ ಚೊಂಬು. ಅವಳ ಗಂಡ ಟ್ರಂಕನ್ನು ಇಳಿಸಿಕೊಂಡು ಬಾಗಿಲ ಬದಿಗಿಟ್ಟು, "ತಾಯಿ ಮಗಳು ಮಾತಾಡ್ರಿ" ಅಂತ ಹೊಲದ ಕಡೆ ಹೋದರು.

"ಬಾರವ್ವ, ಬಾ. ಕಾಲಿಗೆ ನೀರು ತಗ. ಬಿಸಿಲಾಗೆ ಬಂದಿ. ಮನಿ ಕಡೆ ಎಲ್ಲ ಅರಾಮಾ?"

ನಾನು ಚೊಂಬು ಮುಟ್ಟದೆ ಒಳಗೆ ನುಗ್ಗಿ ಅಡಿಗೆಮನೆಯ ಬಾಗಿಲಿಗೆ ಹೋದೆ. ಅವ್ವ ಓಡಿ ಬಂದು ನನ್ನ ಭುಜ ಹಿಡಿದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಭುಜ ಹಿಡಿದು ತಿರುಗಿಸಿ ನಡುಮನೆಗೆ ಕರೆತಂದಳು. ಅಲ್ಲಿ ಹೊಸ ಕಂಬಳಿ ಹಾಸಿತ್ತು. ಇನ್ನೂ ಕುರಿಯ ವಾಸನೆ ಆರಿರಲಿಲ್ಲ, ನನಗೆಂದೇ ನೇಯಿಸಿದ್ದಳು. "ಹೊಗಿ ಐತವ್ವ ಅಲ್ಲಿ, ನಿನ್ನ ಸೀರೆ ಹೊಲಸಾಗುತ್ತೆ. ಕುಂತ್ಕ" ಅಂದಳು. ನನ್ನ ತಲೆ ನೋಡಿದಳು. ನಾನು ಉಸಿರು ಹಿಡಿದು ಕಾದೆ. ಅವಳು ಒಳಗೆ ಹೋಗಿ, ಹೊಸದೊಂದು ಬಾಚಣಿಗೆ ತಂದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

ಊಟಕ್ಕೆ ಹೋಳಿಗೆ ಮಾಡಿದ್ದಳು. ಬಸ್ಸಿನುದ್ದಕ್ಕೂ ನಾನು ಅವಳ ಕೈಯ ಜೋಳದ ರೊಟ್ಟಿಯನ್ನು ನೆನೆಸಿಕೊಂಡು ಬಂದಿದ್ದೆ. ಅವಳು ನನ್ನ ಎದುರಿಗೆ ಕೂರದೆ, ಕಂಬಳಿಯ ಅಂಚಿನಾಚೆ ಮೊಳಕಾಲೂರಿ, "ಇನ್ನೊಂದು ಹಾಕಲಾ, ನಾಚಬ್ಯಾಡ" ಅಂತ ತುಪ್ಪ ಸುರಿದಳು. ಅವಳ ಮುಖದಲ್ಲಿ ಎಂಥ ಸಂತೋಷ ಇತ್ತು. ಮಗಳಿಗೆ ಮಾಡಬೇಕಾದ್ದನ್ನೆಲ್ಲ ಒಂದೂ ಬಿಡದೆ ಮಾಡುತ್ತಿದ್ದೇನೆ ಅನ್ನುವ ಸಂತೋಷ. ಮಗಳ ಮುಂದೆ ಇರುವ ರೀತಿ ಅಂದರೆ ಅವಳಿಗೆ ಗೊತ್ತಿದ್ದದ್ದು ಇದೊಂದೇ, ಆ ಮನೆಯ ಪಡಸಾಲೆಯಲ್ಲಿ ಕೂತು ಕಲಿತದ್ದು. ನಾನು ಇರಲಿಕ್ಕೆ ಬಂದಿದ್ದೇನೆ ಅಂತ ಇವತ್ತು ಹೇಳಬೇಕು, ಈಗ ಹೇಳಬೇಕು ಅಂದುಕೊಳ್ಳುತ್ತಲೇ ಉಂಡೆ.

ಅವ್ವ ಎಲೆಅಡಿಕೆ ತಟ್ಟೆ ತಂದಿಟ್ಟಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಹೋಗಿ, ಕಟ್ಟೆಯಿಂದ ಇಳಿಯುತ್ತಿದ್ದ ಬಿಸಿಲನ್ನು ನೋಡಿದಳು. ನನಗೆ ತೊಂದರೆ ಆಗಬಾರದು ಅನ್ನುವ ಕಾಳಜಿಯಿಂದ, ಬಹಳ ಮೆತ್ತಗೆ ಕೇಳಿದಳು.

"ನಿನ್ನ ಬಸ್ಸು ಎಷ್ಟೊತ್ತಿಗೈತವ್ವ?"

ಟ್ರಂಕು ಅವಳ ಕಾಲ ಹತ್ತಿರವೇ ಇತ್ತು.

"ನಾಕೂವರೆಗೈತೆ" ಅಂದೆ.